ದುಬೈಗೆ ಹೊರಟಿದ್ದೀರಾ? ಜೇಬಿಗಿಂತ ಮೊದಲು ಕಾಗದ ನೋಡ್ಕೊಳ್ಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಕಿಟಕಿ ಪಕ್ಕ ಕೂತು, ಪಿಜಿ ಮಂಚದ ಮೇಲೆ ಬಿದ್ಕೊಂಡು, ಪಾತ್ರೆ ತೊಳೀತಾ ಕೇಳ್ತಿರೋ ಎಲ್ಲರಿಗೂ ಸ್ವಾಗತ.

ಹೊರದೇಶದಲ್ಲಿ ಕೆಲಸ ಹುಡುಕೋದರ ಬಗ್ಗೆ ಪ್ರಶ್ನೆ ಕಳ್ಸಿ ಅಂತ ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ತುಂಬಾ ಜನ ಕೇಳಿದ್ದು ಒಂದೇ ಊರಿನ ಬಗ್ಗೆ, ದುಬೈ. ಆಶ್ಚರ್ಯ ಏನಿಲ್ಲ. ಮಂಗಳೂರು, ಉಡುಪಿ, ಭಟ್ಕಳ ಕಡೆ ಮನೆಗೊಬ್ಬರಾದ್ರೂ ಗಲ್ಫಲ್ಲಿ ಇರ್ತಾರೆ. ಈಗ ಬೆಂಗಳೂರು, ಹುಬ್ಬಳ್ಳಿ, ಕಲಬುರಗಿ ಕಡೆಯಿಂದ ಬಿಕಾಂ, ಐಟಿಐ, ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ ಹುಡುಗ ಹುಡುಗಿಯರೂ ಹೊರಡ್ತಿದ್ದಾರೆ.

ಒಂದು ಮೆಸೇಜು ಓದ್ತೀನಿ. "ಏಜೆಂಟ್ 1 ಲಕ್ಷ 20 ಸಾವಿರ ಕೇಳ್ತಿದ್ದಾರೆ. ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಹೋಗು, ಕೆಲಸಕ್ಕೆ ಸೇರ್ಕೊಂಡ ಮೇಲೆ ಕಂಪನಿಯವರೇ ವೀಸಾ ಮಾಡ್ತಾರೆ ಅಂತಾರೆ. ಅಪ್ಪ ಸಾಲ ಮಾಡೋಕೆ ಒಪ್ಪಿದ್ದಾರೆ. ಹೋಗ್ಲಾ?"

ನನ್ನ ಉತ್ತರ: ಈ ರೀತಿ ಹೋಗ್ಬೇಡಿ. ಯಾಕೆ ಅಂತ ಹೇಳೋಕೇ ಈ ಸಂಚಿಕೆ.

ದುಬೈಲಿ ಜೇಬುಗಳ್ಳರ ಕಾಟ ಕಡಿಮೆ. ರಾತ್ರಿ ಹನ್ನೊಂದಕ್ಕೂ ಹೆಣ್ಣುಮಕ್ಕಳು ಒಬ್ಬರೇ ಮೆಟ್ರೋದಲ್ಲಿ ಹೋಗ್ತಾರೆ. ಅವರಿಗೆ, ಮಕ್ಕಳಿಗೆ ಅಂತ ಬೇರೆ ಬೋಗಿ ಇದೆ, ಗುಲಾಬಿ ಬಣ್ಣದ ಚಾವಣಿಯ ಲೇಡೀಸ್ ಟ್ಯಾಕ್ಸಿ ಇದೆ. ಹಾಗಾಗಿ ಹೋದವರು "ಇಲ್ಲಿ ಏನೂ ಆಗಲ್ಲ ಬಿಡು" ಅಂತ ಮೈಮರೀತಾರೆ. ನಮ್ಮವರು ಅಲ್ಲಿ ಸಿಕ್ಕಿಹಾಕ್ಕೊಳ್ಳೋದು ಗಲ್ಲಿಯಲ್ಲಲ್ಲ. ವೀಸಾ, ಬ್ಯಾಗು, ರೂಮು, ಫೋನು, ಬ್ಯಾಂಕ್ ಅಕೌಂಟು, ಇವುಗಳಲ್ಲಿ. ಒಂದೊಂದಾಗಿ ನೋಡೋಣ.

ವೀಸಾ: ಹುಡುಕೋದು ಬೇರೆ, ದುಡಿಯೋದು ಬೇರೆ

ವಿಸಿಟ್ ವೀಸಾದಲ್ಲಿ ಹೋಗಿ ಇಂಟರ್‌ವ್ಯೂ ಕೊಡೋರು ಸಾವಿರಾರು ಜನ. ಕೆಲಸ ಹುಡುಕೋಕೆ ಅಂತಲೇ 60, 90, 120 ದಿನದ ವೀಸಾ ಕೂಡ ಇದೆ, ಆದ್ರೆ ಅದಕ್ಕೆ ಓದು, ಕೌಶಲದ ಷರತ್ತುಗಳಿವೆ. ಇಷ್ಟರವರೆಗೆ ತೊಂದರೆ ಇಲ್ಲ. ವರ್ಕ್ ಪರ್ಮಿಟ್ ಇಲ್ಲದೆ ಒಂದು ದಿನ ಕೆಲಸ ಮಾಡಿದ್ರೂ ಅದು ಕಾನೂನುಬಾಹಿರ. "ಟ್ರಯಲ್‌ಗೆ ಒಂದು ವಾರ ಬಾ" ಅಂದ್ರೂ ಅಷ್ಟೇ. 2024ರಲ್ಲಿ ಬಂದ ತಿದ್ದುಪಡಿ ಪ್ರಕಾರ ಹೀಗೆ ಕೆಲಸಕ್ಕೆ ಇಟ್ಕೊಂಡ ಮಾಲೀಕರಿಗೆ ದಂಡ 1 ಲಕ್ಷ ದಿರ್ಹಂನಿಂದ 10 ಲಕ್ಷ ದಿರ್ಹಂವರೆಗೆ. ಕೆಲಸ ಮಾಡಿದವರಿಗೂ ದಂಡ, ಗಡೀಪಾರು ಆಗಬಹುದು. ಇನ್ನೊಂದು ವಿಷಯ. ಪರ್ಮಿಟ್ ಇಲ್ಲದೆ ದುಡಿದು ಸಂಬಳ ಬರ್ಲಿಲ್ಲ ಅಂದ್ರೆ ದೂರು ಕೊಡೋಕೂ ಭಯ. ಕೆಟ್ಟ ಮಾಲೀಕನಿಗೆ ಬೇಕಾಗಿರೋದು ಅದೇ ಭಯ.

ವೀಸಾ ಅವಧಿ ಮುಗಿದ ಮೇಲೂ ಉಳಿದ್ರೆ ದಿನಕ್ಕೆ 50 ದಿರ್ಹಂ ದಂಡ. ಒಂದು ದಿರ್ಹಂ ಅಂದ್ರೆ 20 ರೂಪಾಯಿಗಿಂತ ಜಾಸ್ತಿ. ಅಂದ್ರೆ ದಿನಕ್ಕೆ ಸಾವಿರ ರೂಪಾಯಿಗೂ ಮೇಲೆ, ತಿಂಗಳಿಗೆ 30 ಸಾವಿರಕ್ಕೂ ಮೇಲೆ. ಕೈಯಲ್ಲಿ ಕೆಲಸ ಇಲ್ಲ, ದಂಡ ಬೆಳೀತಾ ಇದೆ, ವಾಪಸ್ ಬರೋಕೆ ಟಿಕೆಟ್ ದುಡ್ಡಿಲ್ಲ. ಮನೆಯವರಿಗೆ ಹೇಳೋಕೆ ಮುಖವಿಲ್ಲ. ಹುಡುಗರು ಮುಳುಗೋದು ಹೀಗೆ, ದಿನಕ್ಕೆ 50 ದಿರ್ಹಂ ಲೆಕ್ಕದಲ್ಲಿ. 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ಅಲ್ಲಿನ ಸರ್ಕಾರ ಕ್ಷಮಾದಾನ ಕೊಟ್ಟು, ದಂಡ ಇಲ್ಲದೆ ವಾಪಸ್ ಹೋಗೋಕೆ, ಇಲ್ಲವೇ ಕಾಗದ ಸರಿ ಮಾಡ್ಕೊಳ್ಳೋಕೆ ಅವಕಾಶ ಮಾಡಿತ್ತು. ಅಂಥದ್ದು ಮತ್ತೆ ಬರುತ್ತೆ ಅಂತ ನಂಬ್ಕೊಂಡು ಕೂರೋಕಾಗಲ್ಲ.

ವಿಸಿಟ್ ವೀಸಾದಲ್ಲೇ ಹೋಗ್ಬೇಕು ಅಂತಿದ್ರೆ ರಿಟರ್ನ್ ಟಿಕೆಟ್, ಉಳ್ಕೊಳ್ಳೋ ಜಾಗದ ದಾಖಲೆ, ಖರ್ಚಿನ ದುಡ್ಡು, ಮೂರೂ ನಿಮ್ಮ ಹೆಸರಲ್ಲಿ ನಿಜವಾಗಿ ಇರಲಿ. ಏಜೆಂಟ್ ಮಾಡ್ಕೊಡೋ ಡಮ್ಮಿ ಹೋಟೆಲ್ ಬುಕಿಂಗ್ ಇಟ್ಕೊಂಡು ಇಮಿಗ್ರೇಷನ್ ಕೌಂಟರ್ ಮುಂದೆ ನಿಲ್ಲೋದು ನೀವು, ಏಜೆಂಟ್ ಅಲ್ಲ.

ಏಜೆಂಟ್, ಆಫರ್ ಲೆಟರ್

ಈಗ ಆ 1 ಲಕ್ಷ 20 ಸಾವಿರದ ಲೆಕ್ಕ. ಭಾರತದಲ್ಲಿ ವಿದೇಶಿ ಕೆಲಸಕ್ಕೆ ಜನ ಕಳ್ಸೋ ಏಜೆಂಟ್, ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡ್ಸಿರ್ಬೇಕು. ಆ ಪಟ್ಟಿ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ಲೈಸೆನ್ಸ್ ನಂಬರ್ ಸಮೇತ ಸಿಗುತ್ತೆ. ಅವರು ಅಭ್ಯರ್ಥಿಯಿಂದ ತಗೋಬಹುದಾದ ಸೇವಾ ಶುಲ್ಕ ಹೆಚ್ಚಂದ್ರೆ 30,000 ರೂಪಾಯಿ, ಜೊತೆಗೆ 18% ಜಿಎಸ್‌ಟಿ. ಒಟ್ಟು 35,400. ರಸೀದಿ ಕೊಡ್ಲೇಬೇಕು. "ಕ್ಯಾಶ್ ಕೊಡಿ, ಬಿಲ್ ಬೇಡ" ಅಂದ ಕೂಡ್ಲೇ ಮಾತು ನಿಲ್ಸಿ. ಚಿಕ್ಕಪ್ಪನ ಪರಿಚಯದವರಾಗಿರ್ಲಿ, ಊರಿನ ದೊಡ್ಡ ಮನುಷ್ಯರಾಗಿರ್ಲಿ, ನಂಬರ್ ಹುಡುಕಿ ಸಿಗ್ಲಿಲ್ಲ ಅಂದ್ರೆ ಇಲ್ಲ ಅಂತಲೇ ಅರ್ಥ.

ಯುಎಇ ಕಾರ್ಮಿಕ ಕಾನೂನು, 2021ರ 33ನೇ ನಂಬರಿನದು, 2022ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಅದು ಹೇಳೋದು ಸ್ಪಷ್ಟ: ನೇಮಕಾತಿ ಖರ್ಚನ್ನ ಮಾಲೀಕನೇ ಹೊರಬೇಕು, ಕೆಲಸಗಾರನಿಂದ ವಸೂಲಿ ಮಾಡೋ ಹಾಗಿಲ್ಲ. ಹಾಗಾಗಿ "ವೀಸಾ ಪ್ರೊಸೆಸಿಂಗ್, ಮೆಡಿಕಲ್, ಲೇಬರ್ ಕಾರ್ಡ್ ಚಾರ್ಜ್" ಅಂತ ಕಂಪನಿ ಹೆಸರಲ್ಲಿ ಯಾರಾದ್ರೂ ಯುಪಿಐ ಕೇಳಿದ್ರೆ ಅದು ಕಂಪನಿ ಅಲ್ಲ. ಅಥವಾ ನೀವು ಸೇರಬಾರದ ಕಂಪನಿ.

ಆಫರ್ ಲೆಟರ್ ಬಂತು ಅಂದ್ಕೊಳ್ಳಿ. ಲೆಟರ್‌ಹೆಡ್ ಚೆನ್ನಾಗಿದೆ ಅನ್ನೋದು ಸಾಕ್ಷಿ ಅಲ್ಲ. ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯ ಇದೆ, ಜನ "ಮೊಹ್ರೆ" ಅಂತ ಕರೀತಾರೆ. ಅದರ ಕೆಳಗೆ ಬರೋ ಕಂಪನಿ ಆದ್ರೆ ಆಫರ್ ಲೆಟರ್‌ಗೆ ಒಂದು ನಂಬರ್ ಇರುತ್ತೆ, ಮೊಹ್ರೆ ವೆಬ್‌ಸೈಟಲ್ಲಿ ಹಾಕಿ ನೋಡಬಹುದು. ಫ್ರೀ ಝೋನ್ ಕಂಪನಿ ಆಗಿದ್ರೆ ಮೊಹ್ರೆಯಲ್ಲಿ ಸಿಗದೇ ಇರಬಹುದು, ಆಗ ಆ ಫ್ರೀ ಝೋನ್ ಪ್ರಾಧಿಕಾರಕ್ಕೇ ಇಮೇಲ್ ಮಾಡಿ ಕೇಳಿ. ವೀಸಾ ಅಸಲಿಯೋ ನಕಲಿಯೋ ಅನ್ನೋದನ್ನ ದುಬೈ ಇಮಿಗ್ರೇಷನ್ ಇಲಾಖೆ ವೆಬ್‌ಸೈಟಲ್ಲಿ ನೋಡ್ಕೊಳ್ಳಬಹುದು. ಹತ್ತು ನಿಮಿಷದ ಕೆಲಸ. ಸಾಲ ಮಾಡೋಕೆ ಮುಂಚೆ ಈ ಹತ್ತು ನಿಮಿಷ ಕೊಡಿ.

ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ವರ್ಗಕ್ಕೆ ಸೇರುತ್ತೆ. ಅವರು ಯುಎಇಗೆ ಕೆಲಸಕ್ಕೆ ಹೋಗೋ ಮುಂಚೆ ಇ-ಮೈಗ್ರೇಟ್ ಮೂಲಕ ಕ್ಲಿಯರೆನ್ಸ್ ತಗೋಬೇಕು. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಅಂತ ಇದೆ. ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ವಿಮೆ. ನಿಮ್ಮ ಮನೇಲಿ, ಬೀದೀಲಿ ಅಂಥವರು ಹೊರಟಿದ್ರೆ ಹೇಳಿ. ಏಜೆಂಟ್ ಇದನ್ನ ಹೇಳಲ್ಲ.

ಬ್ಯಾಗು: ಅಮ್ಮ ಕಟ್ಟಿಕೊಟ್ಟ ಡಬ್ಬ

ಇದು ನಮ್ಮ ಅಡುಗೆಮನೆಗೇ ಸಂಬಂಧಪಟ್ಟ ವಿಷಯ. ಗಸಗಸೆ. ಪಾಯಸಕ್ಕೆ, ಸಾಗುಗೆ ಹಾಕೋ ಅದೇ ಗಸಗಸೆ ಯುಎಇಯಲ್ಲಿ ನಿಷಿದ್ಧ. ಅಫೀಮು ಗಿಡದ ಬೀಜ ಅನ್ನೋದು ಕಾರಣ. ಚಿಕ್ಕ ಪೊಟ್ಟಣ ಅಂತ ಸುಮ್ನೆ ಬಿಡ್ತಾರೆ ಅಂದ್ಕೋಬೇಡಿ. ಮಸಾಲೆ ಪುಡಿ ಮನೇಲಿ ಮಾಡ್ಸಿದ್ರೆ ಗಸಗಸೆ ಹಾಕಿದ್ದಾರಾ ಕೇಳ್ಕೊಳ್ಳಿ. ವೀಳ್ಯದೆಲೆ, ಪಾನ್‌ ಸಾಮಾನುಗಳೂ ದುಬೈ ಕಸ್ಟಮ್ಸ್ ನಿಷೇಧದ ಪಟ್ಟಿಯಲ್ಲಿವೆ. ಅಜ್ಜನಿಗೆ ಇಷ್ಟ ಅಂತ ಕವಳದ ಸಂಚಿ ತಗೊಂಡು ಹೋಗ್ಬೇಡಿ.

ಮಾತ್ರೆಗಳ ವಿಷ್ಯ ಇನ್ನೂ ಗಂಭೀರ. ಕೊಡೀನ್ ಇರೋ ಕೆಮ್ಮಿನ ಸಿರಪ್, ಟ್ರಮಡಾಲ್ ಇರೋ ನೋವಿನ ಮಾತ್ರೆ, ನಿದ್ದೆಗೆ, ಆತಂಕಕ್ಕೆ ಕೊಡೋ ಕೆಲವು ಮಾತ್ರೆ, ಇವೆಲ್ಲ ಅಲ್ಲಿ ನಿಯಂತ್ರಿತ ಔಷಧಿಗಳು. ನಮ್ಮಲ್ಲಿ ಡಾಕ್ಟರ್ ಬರೆದುಕೊಟ್ಟಿರಬಹುದು, ಆದ್ರೂ ಅಲ್ಲಿನ ಆನ್‌ಲೈನ್ ಅನುಮತಿ ಮೊದಲೇ ತಗೋಬೇಕು. ಚೀಟಿ ಅಸಲಿಯೇ ಇಟ್ಕೊಳ್ಳಿ, ಮಾತ್ರೆಯನ್ನ ಮೂಲ ಸ್ಟ್ರಿಪ್‌ನಲ್ಲೇ ಬಿಡಿ. ಬಿಡಿಬಿಡಿಯಾಗಿ ಡಬ್ಬದಲ್ಲಿ ಹಾಕ್ಕೊಂಡು ಹೋದ್ರೆ ಏನು ಮಾತ್ರೆ ಅಂತ ನೀವು ಹೇಗೆ ತೋರಿಸ್ತೀರಾ? ಗಾಂಜಾ ವಿಷಯ ಹೇಳೋದೇ ಬೇಡ. ಗೋಕರ್ಣದಲ್ಲಿ ಸೇದಿದ್ದು ಅಲ್ಲಿ ಪರೀಕ್ಷೆಯಲ್ಲಿ ಮೈಯಲ್ಲಿ ಸಿಕ್ಕರೂ ಕೇಸು.

ಇನ್ನೊಬ್ಬರ ಪಾರ್ಸಲ್ಲು. "ನಮ್ಮ ಅಣ್ಣ ಅಲ್ಲೇ ಇದ್ದಾನೆ, ಉಪ್ಪಿನಕಾಯಿ ಅಷ್ಟೇ, ಏರ್‌ಪೋರ್ಟಿಗೆ ಬಂದು ತಗೋತಾನೆ." ಬಾಯಿತುಂಬ ಇಲ್ಲ ಅನ್ನಿ. ದಾಕ್ಷಿಣ್ಯ ಮಾಡ್ಕೊಂಡ್ರೆ ಬ್ಯಾಗಲ್ಲಿ ಏನು ಸಿಗುತ್ತೋ ಅದು ನಿಮ್ಮದೇ. ಬರೋವಾಗಲೂ ಅಷ್ಟೇ. "ಸ್ವಲ್ಪ ಚಿನ್ನ ತಗೊಂಡು ಹೋಗು, ಟಿಕೆಟ್ ನಾನೇ ಮಾಡ್ಸ್ತೀನಿ" ಅನ್ನೋರಿದ್ದಾರೆ. ಬೆಂಗಳೂರು, ಮಂಗಳೂರು ಏರ್‌ಪೋರ್ಟಲ್ಲಿ ಕಸ್ಟಮ್ಸ್ ಕೈಗೆ ಸಿಗೋದು ಚಿನ್ನ ಹೊತ್ತು ತಂದವರು, ಕೊಟ್ಟು ಕಳ್ಸಿದವರಲ್ಲ.

ರೂಮು: ಅಗ್ಗದ ಬೆಡ್ ಸ್ಪೇಸ್

ಬರ್ ದುಬೈ, ಕರಾಮಾ, ದೇರಾ, ಆಚೆ ಶಾರ್ಜಾ. ಹೊಸದಾಗಿ ಹೋದವರು ಮೊದಲು ಸೇರೋದು ಬೆಡ್ ಸ್ಪೇಸಿಗೆ. ರೂಮಲ್ಲ, ಒಂದು ಮಂಚ ಬಾಡಿಗೆಗೆ. ಒಂದು ಹಾಲ್‌ನ ಪ್ಲೈವುಡ್ ಹಾಕಿ ನಾಲ್ಕು ಭಾಗ ಮಾಡಿ ಕೊಡೋದೂ ಇದೆ. ಅನುಮತಿ ಇಲ್ಲದ ಇಂಥ ಪಾರ್ಟಿಷನ್‌ಗಳ ಮೇಲೆ ದುಬೈ ಮುನಿಸಿಪಾಲಿಟಿ 2025ರಲ್ಲಿ ದೊಡ್ಡ ತಪಾಸಣೆ ನಡೆಸಿತು.

ಕಾರಣ ಬೆಂಕಿ. 2023ರ ಏಪ್ರಿಲ್ 15ರಂದು ದೇರಾದ ಅಲ್ ರಾಸ್ ಪ್ರದೇಶದ ಒಂದು ವಸತಿ ಕಟ್ಟಡಕ್ಕೆ ಬೆಂಕಿ ಬಿತ್ತು. 16 ಜನ ಸತ್ತರು. ಅದರಲ್ಲಿ ಭಾರತೀಯರೂ ಇದ್ದರು. ಕಟ್ಟಡದಲ್ಲಿ ಸುರಕ್ಷತಾ ನಿಯಮಗಳನ್ನ ಪಾಲಿಸಿರಲಿಲ್ಲ ಅಂತ ಅಲ್ಲಿನ ಅಧಿಕಾರಿಗಳು ಹೇಳಿದ್ದರು.

ಹಾಗಾಗಿ ರೂಮು ನೋಡೋಕೆ ಹೋದಾಗ ಮೊದಲು ಬಾಡಿಗೆ ಕೇಳ್ಬೇಡಿ. ಬಾಗಿಲಿಂದ ನಿಮ್ಮ ಮಂಚದವರೆಗೆ ನಡೆದು ನೋಡಿ. ರಾತ್ರಿ ಕರೆಂಟ್ ಹೋದ್ರೆ ಆಚೆ ಬರೋಕಾಗುತ್ತಾ? ಕಿಟಕಿ ತೆರೆಯುತ್ತಾ? ಒಂದೇ ಸ್ವಿಚ್ ಬೋರ್ಡಿಗೆ ಎಷ್ಟು ಎಕ್ಸ್‌ಟೆನ್ಷನ್ ಸಿಕ್ಕಿಸಿದ್ದಾರೆ? ಇವೆಲ್ಲ ಸರಿ ಇದ್ರೆ ಆಮೇಲೆ "ಇಜಾರಿ" ಬಗ್ಗೆ ಕೇಳಿ. ಅದು ಸರ್ಕಾರದಲ್ಲಿ ನೋಂದಣಿ ಆಗೋ ಬಾಡಿಗೆ ಕರಾರು. ಜೊತೆಗೆ ವಾಸ ಮಾಡೋರ ಹೆಸರನ್ನೂ ದುಬೈ ರೆಸ್ಟ್ ಆ್ಯಪ್‌ನಲ್ಲಿ ಸೇರಿಸ್ಬೇಕು. ನಿಮ್ಮ ಹೆಸರು ಸೇರಿಸಲ್ಲ ಅಂದ್ರೆ ತಪಾಸಣೆ ದಿನ ನೀವು ಬ್ಯಾಗ್ ಹಿಡ್ಕೊಂಡು ಬೀದಿಗೆ. ಫೋಟೋ ಮಾತ್ರ ಕಳ್ಸಿ "ತುಂಬಾ ಡಿಮ್ಯಾಂಡ್ ಇದೆ, ಈಗ್ಲೇ ಅಡ್ವಾನ್ಸ್ ಹಾಕಿ" ಅನ್ನೋರಿಗೆ ಊರಿಂದಲೇ ದುಡ್ಡು ಹಾಕ್ಬೇಡಿ.

ಫುಟ್‌ಪಾತ್ ಮೇಲೆ, ಕಾರಿನ ಗ್ಲಾಸಿಗೆ ಸಿಕ್ಕಿಸಿದ ಮಸಾಜ್ ಕಾರ್ಡುಗಳು ಕಣ್ಣಿಗೆ ಬೀಳ್ತವೆ. ಆ ನಂಬರಿಗೆ ಫೋನ್ ಮಾಡಿ ಫ್ಲ್ಯಾಟಿಗೆ ಹೋದವರನ್ನ ಕೂಡಿಹಾಕಿ, ದುಡ್ಡು ಕಿತ್ತುಕೊಂಡು, ವಿಡಿಯೋ ಮಾಡಿ ಹೆದರಿಸಿರೋ ಕೇಸುಗಳಾಗಿವೆ. ದುಬೈ ಪೊಲೀಸರೇ ಎಚ್ಚರಿಕೆ ಕೊಟ್ಟಿದ್ದಾರೆ. ನಾಚಿಕೆಗೆ ಯಾರೂ ದೂರು ಕೊಡಲ್ಲ ಅನ್ನೋದೇ ಅವರ ಬಂಡವಾಳ.

ಫೋನು: ರೀಲ್ಸ್, ಬೈಗುಳ, ಫಾರ್ವರ್ಡ್

ನಮಗೆ ಇದು ಅರ್ಥ ಆಗೋದೇ ಕಷ್ಟ, ಯಾಕಂದ್ರೆ ಇಲ್ಲಿ ದಿನಾ ಮಾಡ್ತೀವಿ. ಯುಎಇ ಸೈಬರ್ ಅಪರಾಧ ಕಾನೂನು 2022ರ ಜನವರಿಯಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಫೋಟೋ ತೆಗೆದು ಅವರ ಖಾಸಗಿತನಕ್ಕೆ ಧಕ್ಕೆ ತಂದ್ರೆ ಜೈಲು, ಇಲ್ಲವೇ 1.5 ಲಕ್ಷದಿಂದ 5 ಲಕ್ಷ ದಿರ್ಹಂ ದಂಡ, ಅಥವಾ ಎರಡೂ. ಮೆಟ್ರೋದಲ್ಲಿ ನಿದ್ದೆ ಮಾಡ್ತಿರೋರ ವಿಡಿಯೋ ಮಾಡಿ ಹಾಕೋದು ತಮಾಷೆ ಅಲ್ಲ. ಅಪಘಾತ, ಸರ್ಕಾರಿ ಕಟ್ಟಡ, ಸೇನೆಗೆ ಸೇರಿದ ಜಾಗ, ಇವುಗಳ ಕಡೆ ಕ್ಯಾಮೆರಾ ತಿರುಗಿಸ್ಲೇಬೇಡಿ.

ವಾಟ್ಸಾಪಲ್ಲಿ ಬೈದ್ರೂ ಅಪರಾಧ. ರೂಮ್‌ಮೇಟ್ ಜೊತೆ ಜಗಳ ಆಯ್ತು, ವಾಯ್ಸ್ ನೋಟ್‌ನಲ್ಲಿ ಅಪ್ಪ ಅಮ್ಮನ್ನ ಎಲ್ಲಾ ಎಳ್ಕೊಂಡು ಬಂದ್ರಿ. ಅವನ ಹತ್ರ ಸಾಕ್ಷಿ ಸಿದ್ಧವಾಗಿರುತ್ತೆ. ಆನ್‌ಲೈನಲ್ಲಿ ಅವಮಾನ ಮಾಡಿದ್ದಕ್ಕೆ ದಂಡ 2.5 ಲಕ್ಷ ದಿರ್ಹಂನಿಂದ ಶುರು. ನಮ್ಮೂರ ಹುಡುಗನ ಆಪರೇಷನ್‌ಗೆ ದುಡ್ಡು ಸೇರಿಸೋಣ ಅಂತ ಗ್ರೂಪಲ್ಲಿ ಲಿಂಕ್ ಹಾಕೋದು ಒಳ್ಳೆ ಕೆಲಸ, ಆದ್ರೆ ಅಲ್ಲಿ ಅನುಮತಿ ಪಡೆದ ಸಂಸ್ಥೆಗಳು ಮಾತ್ರ ಚಂದಾ ಎತ್ತಬಹುದು.

ವಾಟ್ಸಾಪ್ ಕಾಲ್ ಅಲ್ಲಿ ನಡೆಯಲ್ಲ. ಅನುಮತಿ ಇರೋ ಬೋಟಿಮ್‌ನಂಥ ಆ್ಯಪ್ ಇವೆ, ಹೊರಡೋ ಮುಂಚೆ ಅಮ್ಮನ ಫೋನಲ್ಲೂ ಹಾಕ್ಕೊಟ್ಟು ಹೋಗಿ. ವಿಪಿಎನ್ ವಿಷಯದಲ್ಲಿ ಹುಷಾರು. ಅಪರಾಧ ಮಾಡೋಕೆ ಅಥವಾ ಅದನ್ನ ಮುಚ್ಚಿಡೋಕೆ ಬಳಸಿದ್ರೆ ಜೈಲೂ ಇದೆ, ದಂಡ 5 ಲಕ್ಷದಿಂದ 20 ಲಕ್ಷ ದಿರ್ಹಂ.

ಪೊಲೀಸ್ ಅಂತ, ಬ್ಯಾಂಕ್ ಅಂತ ಫೋನ್ ಮಾಡಿ ಒಟಿಪಿ, ಎಮಿರೇಟ್ಸ್ ಐಡಿ ನಂಬರ್, ಯುಎಇ ಪಾಸ್ ಲಾಗಿನ್ ಕೇಳೋರು ಅಲ್ಲೂ ಇದ್ದಾರೆ. ಇಂಗ್ಲಿಷಲ್ಲಿ ಗತ್ತಿನಿಂದ ಮಾತಾಡಿದ್ರೆ ನಿಜವಾದ ಪೊಲೀಸ್ ಆಗಿಬಿಡಲ್ಲ. ಫೋನ್ ಇಡಿ, ನೀವೇ 901ಕ್ಕೆ ಮಾಡಿ ವಿಚಾರಿಸಿ.

ದುಡ್ಡು: ನಿಮ್ಮ ಹೆಸರು ಬಾಡಿಗೆಗಿಲ್ಲ

ನಾನು ಬಿಕಾಂ ಓದಿರೋದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಕೊರೀತೀನಿ, ಸಹಿಸ್ಕೊಳ್ಳಿ.

ಒಂದು. ನಿಮ್ಮ ಬ್ಯಾಂಕ್ ಅಕೌಂಟನ್ನ, ಸಿಮ್ಮನ್ನ ಯಾರಿಗೂ "ಎರಡು ದಿನಕ್ಕೆ" ಕೊಡ್ಬೇಡಿ. ಕಮಿಷನ್ ಕೊಡ್ತೀವಿ, ದುಡ್ಡು ಬಂದು ಹೋಗುತ್ತೆ ಅಷ್ಟೇ ಅಂತಾರೆ. ಅದು ಮೋಸದ ದುಡ್ಡಾಗಿದ್ರೆ ಮನಿ ಲಾಂಡರಿಂಗ್ ಕೇಸಲ್ಲಿ ಮೊದಲು ಬರೋ ಹೆಸರು ನಿಮ್ಮದು.

ಎರಡು. ಸಂಬಳ ಶುರುವಾದ ಕೂಡ್ಲೇ ಕ್ರೆಡಿಟ್ ಕಾರ್ಡು, ಲೋನು ಅಂತ ಫೋನ್ ಬರ್ತವೆ. ಕಟ್ಟೋಕಾಗದೆ ಇದ್ರೆ ದೇಶ ಬಿಡದ ಹಾಗೆ ಟ್ರಾವೆಲ್ ಬ್ಯಾನ್ ಬೀಳಬಹುದು. "ಊರಿಗೆ ಬಂದ್ಬಿಟ್ರೆ ಯಾರೇನ್ ಮಾಡ್ತಾರೆ" ಅನ್ನೋ ಕಾಲ ಹೋಯ್ತು. 2020ರ ಜನವರಿಯಿಂದ ಯುಎಇ ಸಿವಿಲ್ ಕೋರ್ಟ್ ಕೊಟ್ಟ ಡಿಕ್ರಿಯನ್ನ ಭಾರತದ ಜಿಲ್ಲಾ ಕೋರ್ಟ್ ಮೂಲಕ ಜಾರಿ ಮಾಡಿಸಬಹುದು. ಊರಿನ ಮನೆಯವರೆಗೂ ಬರೋ ದಾರಿ ಇದೆ ಅಂತ ಅರ್ಥ.

ಮೂರು. ಆಫರ್ ಲೆಟರಲ್ಲಿ ಒಟ್ಟು ಸಂಬಳ ನೋಡಿ ಖುಷಿಪಡ್ಬೇಡಿ, ಬೇಸಿಕ್ ನೋಡಿ. ಕೆಲಸ ಬಿಡೋವಾಗ ಬರೋ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ, ವರ್ಷಕ್ಕೆ 21 ದಿನದ ಬೇಸಿಕ್. ಬೇಸಿಕ್ 1,500 ದಿರ್ಹಂ ಇದ್ರೆ ವರ್ಷಕ್ಕೆ 1,050. ಅದೇ ಬೇಸಿಕ್‌ನ 800 ಮಾಡಿ ಉಳಿದಿದ್ದನ್ನ ಅಲೋವೆನ್ಸ್ ಅಂತ ಬರೆದ್ರೆ 560. ತಿಂಗಳ ಸಂಬಳ ಅಷ್ಟೇ ಇರುತ್ತೆ, ಕೊನೆಗೆ ಕೈಗೆ ಸಿಗೋದು ಅರ್ಧ.

ಪಾಸ್‌ಪೋರ್ಟು, ಸಂಬಳ, ದೂರು

ಪಾಸ್‌ಪೋರ್ಟ್ ಕಂಪನಿ ಲಾಕರಲ್ಲಿ ಇರ್ಲಿ, ಸೇಫ್ ಅಂತಾರೆ. ಕೆಲಸಗಾರರ ದಾಖಲೆ ಇಟ್ಕೊಳ್ಳೋದನ್ನ ಆ 2021ರ ಕಾನೂನೇ ನಿಷೇಧಿಸಿದೆ. ಈಗ ರೆಸಿಡೆನ್ಸ್ ವೀಸಾಗೆ ಪಾಸ್‌ಪೋರ್ಟಲ್ಲಿ ಸ್ಟಿಕರ್ ಕೂಡ ಅಂಟಿಸಲ್ಲ, ಎಮಿರೇಟ್ಸ್ ಐಡಿಯೇ ಸಾಕ್ಷಿ. ಯಾವುದೋ ಕೆಲಸಕ್ಕೆ ಕೊಡ್ಬೇಕಾದ್ರೆ ಯಾವತ್ತು ಕೊಟ್ರಿ, ಯಾವತ್ತು ವಾಪಸ್ ಅಂತ ಇಮೇಲ್‌ನಲ್ಲಿ ಹಾಕಿ.

ಸಂಬಳ ಎರಡು ತಿಂಗಳು ಬರ್ಲಿಲ್ಲ. ಸಿಟ್ಟು ಬರುತ್ತೆ. ಆದ್ರೆ ಹೇಳ್ದೇ ಕೇಳ್ದೇ ಕೆಲಸಕ್ಕೆ ಹೋಗೋದು ನಿಲ್ಲಿಸ್ಬೇಡಿ. ಸತತ ಏಳು ದಿನಕ್ಕಿಂತ ಹೆಚ್ಚು ಹೋಗದಿದ್ರೆ ಮಾಲೀಕ "ಕೆಲಸ ಬಿಟ್ಟು ಓಡಿಹೋಗಿದ್ದಾನೆ" ಅಂತ ರಿಪೋರ್ಟ್ ಹಾಕಬಹುದು, ಆಗ ಸರಿ ಇದ್ದ ನೀವೇ ತಪ್ಪಿತಸ್ಥರು. ಮೊದಲು ಮೊಹ್ರೆ ಆ್ಯಪಲ್ಲಿ ದೂರು ದಾಖಲಿಸಿ, ನಂಬರ್ ಬರ್ಕೊಳ್ಳಿ. 2024ರಿಂದ 50,000 ದಿರ್ಹಂವರೆಗಿನ ವ್ಯಾಜ್ಯವನ್ನ ಮೊಹ್ರೆಯೇ ತೀರ್ಮಾನ ಮಾಡುತ್ತೆ. ಕಾಂಟ್ರ್ಯಾಕ್ಟು, ಬ್ಯಾಂಕ್ ಸ್ಟೇಟ್‌ಮೆಂಟು, ಹಾಜರಾತಿಯ ಫೋಟೋ, ಮೆಸೇಜುಗಳು, ಇವು ಮೊದಲ ದಿನದಿಂದಲೇ ಸೇರಿಸ್ತಾ ಹೋಗಬೇಕು. ಜಗಳ ಶುರುವಾದ ಮೇಲೆ ಆಫೀಸ್ ಇಮೇಲ್ ತೆರೆಯಲ್ಲ.

ಈಗ ನಂಬರ್‌ಗಳು, ಬರ್ಕೊಳ್ಳಿ. ಪೊಲೀಸ್ 999. ಆಂಬ್ಯುಲೆನ್ಸ್ 998. ಬೆಂಕಿ 997. ತುರ್ತು ಇಲ್ಲದ ವಿಷಯಕ್ಕೆ ದುಬೈ ಪೊಲೀಸ್ 901. ಭಾರತೀಯರಿಗೆ ಸಹಾಯ ಮಾಡೋ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ, ಯುಎಇ ಒಳಗಿಂದ ಉಚಿತ ಕರೆ, 800 46342. ಊರಲ್ಲಿರೋ ಮನೆಯವರು ವಿದೇಶಾಂಗ ಸಚಿವಾಲಯದ "ಮದದ್" ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಅದಕ್ಕೆ ನಿಮ್ಮ ಪಾಸ್‌ಪೋರ್ಟ್ ನಂಬರ್, ಕಂಪನಿ ಹೆಸರು, ವಿಳಾಸ ಅವರ ಹತ್ರ ಇರಬೇಕು. ನಮ್ಮಲ್ಲಿ ತುಂಬಾ ಅಪ್ಪ ಅಮ್ಮಂದಿರಿಗೆ ಗೊತ್ತಿರೋದು "ಮಗ ದುಬೈಲಿದ್ದಾನೆ" ಅಂತ ಮಾತ್ರ. ಯಾವ ಏರಿಯಾ, ಯಾವ ಕಂಪನಿ ಅಂದ್ರೆ ಗೊತ್ತಿಲ್ಲ.

ಅದಕ್ಕೇ ಒಂದು ಕೆಲಸ ಮಾಡಿ. ಪಾಸ್‌ಪೋರ್ಟ್, ವೀಸಾ, ಆಫರ್ ಲೆಟರ್, ಏಜೆಂಟ್ ರಸೀದಿ, ರಿಟರ್ನ್ ಟಿಕೆಟ್, ರೂಮಿನ ವಿಳಾಸ, ಇಷ್ಟನ್ನೂ ಪ್ರಿಂಟ್ ತೆಗೆಸಿ ಒಂದು ಫೈಲ್ ಮಾಡಿ ಮನೇಲಿ ಇಟ್ಟು ಹೋಗಿ. ಐವತ್ತು ರೂಪಾಯಿ ಖರ್ಚು. ತಂಗಿ ಫೋನಿಗೆ ಸ್ಕ್ಯಾನ್ ಕಳ್ಸಿ. ತೊಂದರೆ ಆದ್ರೆ ಮೂರನೇ ದಿನವೇ ಮನೇಲಿ ಹೇಳಿ, ಮೂರನೇ ತಿಂಗಳಲ್ಲ. ದಂಡ ದಿನದ ಲೆಕ್ಕದಲ್ಲಿ ಬೆಳೆಯುತ್ತೆ ಅಂತ ಹೇಳಿದೆನಲ್ಲ, ಮುಚ್ಚಿಟ್ಟ ವಿಷಯವೂ ಹಾಗೇ.

ದುಬೈಗೆ ಹೋಗ್ಬೇಡಿ ಅಂತ ನಾನು ಹೇಳ್ತಿಲ್ಲ. ಅಲ್ಲಿ ದುಡಿದು ಮನೆ ಕಟ್ಟಿಸಿದವರು, ತಮ್ಮ ತಂಗಿಯರನ್ನ ಓದಿಸಿದವರು ನಮ್ಮ ಸುತ್ತಲೇ ಇದ್ದಾರೆ. ಕಾಗದ ಸರಿ ಇಟ್ಕೊಂಡು ಹೋದವರು ಅವರು.

ಮೆಸೇಜ್ ಮಾಡಿದ ಗೆಳೆಯರೇ, ಆ ಏಜೆಂಟ್‌ನ ಲೈಸೆನ್ಸ್ ನಂಬರ್ ಇವತ್ತೇ ಕೇಳಿ. ಅವರು ಏನಂದ್ರು ಅಂತ ನಂಗೂ ತಿಳ್ಸಿ. ಉಳಿದವರು, ಬ್ಯಾಗ್ ಕಟ್ತಿರೋ ಒಬ್ಬರಿಗಾದ್ರೂ ಈ ಸಂಚಿಕೆ ಕಳ್ಸಿ. ಮುಂದಿನ ವಾರ, ಹೊರದೇಶದಿಂದ ಮನೆಗೆ ದುಡ್ಡು ಕಳ್ಸೋವಾಗ ಬ್ಯಾಂಕು, ಎಕ್ಸ್‌ಚೇಂಜು ಎಲ್ಲೆಲ್ಲಿ ಎಷ್ಟೆಷ್ಟು ಹಿಡ್ಕೊಳ್ತಾರೆ ಅಂತ ಲೆಕ್ಕ ಹಾಕೋಣ. ಅಲ್ಲಿವರೆಗೆ ಹುಷಾರಾಗಿರಿ. ನಮಸ್ಕಾರ.